ಏಳು ತೊಲಿ ರೇಷ್ಮೆ

"ಏಳು ತೊಲಿ ಕಡಿಮಿ ಬರ್ತದಲ್ಲೋ. ಇನ್ನೊಮ್ಮೆ ಕೂಡಸು," ಅಂದರು ಹಿರಿಯ ಕಾರಕೂನರು.

ನಾನು ಇನ್ನೊಮ್ಮೆ ಕೂಡಿಸಿದೆ. ಮೊದಲು ಮೇಲಿನಿಂದ ಕೆಳಕ್ಕೆ ಕೂಡಿಸಿದ್ದೆ, ಈಗ ಕೆಳಗಿನಿಂದ ಮೇಲಕ್ಕೆ ಹೋದೆ. ಹಾಗೆ ಮಾಡಬೇಕೆಂದು ಕಲಿಸಿದವರು ಅವರೇ. ಉತ್ತರ ಬದಲಾಗಲಿಲ್ಲ. ಎದುರಿಗೆ ನೇಕಾರ ಚಾಪೆಯ ಅಂಚಿಗೆ ಕುಕ್ಕರಗಾಲಲ್ಲಿ ಕೂತು ನನ್ನ ಬೆರಳನ್ನೇ ನೋಡುತ್ತಿದ್ದ. ಅವನು ನೇಯ್ದು ತಂದ ಸೀರೆಗಳು ನಮ್ಮಿಬ್ಬರ ನಡುವೆ ಮಡಿಸಿಟ್ಟಿದ್ದವು. ಅಷ್ಟು ಚೆಂದದ ಸೆರಗನ್ನು ಆ ವರ್ಷ ನಾನು ಬೇರೆ ಕಂಡಿರಲಿಲ್ಲ.

"ಏಳು ತೊಲಿನರಿ," ಅಂದೆ.

"ಎಲ್ಲಿ ಹೋತೋ ಏಳು ತೊಲಿ?" ಈ ಸಲ ಕಾರಕೂನರು ಕೇಳಿದ್ದು ಅವನನ್ನು.

"ಕೊಟ್ಟಿದ್ದೆಲ್ಲಾ ನೇಯ್ದೇನ್ರಿ ರಾಯರ. ಉಳದ ಚೂರೂ ತಂದೇನಿ. ಮನ್ಯಾಗ ಒಂದ ಎಳಿ ಇಲ್ಲ."

"ನೇಯ್ದಿದ್ರ ತೂಕಕ್ಕ ಬರಬೇಕಲ್ಲ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಾನು ಸಂಘದಲ್ಲಿ ಸಾಕಷ್ಟು ಕಂಡಿದ್ದೆ. ಇವನು ಹೆಗಲು ಮುಟ್ಟಿಕೊಳ್ಳಲಿಲ್ಲ, ದೇವರ ಆಣೆ ಹಾಕಲಿಲ್ಲ, ಅಳಲೂ ಇಲ್ಲ. ಎದ್ದು ಕೈಮುಗಿದು ಹೊರಗೆ ಹೋಗಿಬಿಟ್ಟ. ನನಗೆ ಅದನ್ನೇ ತಡೆದುಕೊಳ್ಳಲಾಗಲಿಲ್ಲ.

ನಾವಿನ್ನೂ ಮುಂಬಯಿ ರಾಜ್ಯದೊಳಗಿದ್ದ ಕಾಲ ಅದು. ನಾನು ಬಾಗಲಕೋಟೆಯಲ್ಲಿ ಮ್ಯಾಟ್ರಿಕ್ ಮುಗಿಸಿ, ಲೆಕ್ಕ ಕಲಿಯಲೆಂದು ಇಳಕಲ್ಲಿನ ನೇಕಾರರ ಸಹಕಾರಿ ಸಂಘಕ್ಕೆ ಸೇರಿದ್ದೆ. ಒಂದು ವರ್ಷ ದುಡಿದು, ಸಂಘದ ಚೇರಮನ್ನರ ಸಹಿಯಿರುವ ಸರ್ಟಿಫಿಕೇಟು ಒಯ್ದರೆ ಬಾಗಲಕೋಟೆಯ ಲೆಕ್ಕ ತಪಾಸಣಿಗರ ಕಚೇರಿಯಲ್ಲಿ ಕೆಲಸ ಕಲಿಯುವ ಉಮೇದುವಾರನಾಗಿ ತೆಗೆದುಕೊಳ್ಳುತ್ತೇವೆ ಎಂದು ಹೇಳಿದ್ದರು. ವರ್ಷ ತುಂಬಲು ಇನ್ನು ಕೆಲವೇ ವಾರ ಉಳಿದಿತ್ತು. ದಿನದ ಕಿರ್ದಿ ಬರೆಯಲು ಬರುತ್ತಿತ್ತು, ಅದನ್ನು ಹೆಸರುವಾರು ಖತಾವಣಿಗೆ ಏರಿಸಲು ಬರುತ್ತಿತ್ತು, ತಾಳೆ ಹಚ್ಚುವುದೂ ಬರುತ್ತಿತ್ತು. ಲೆಕ್ಕವೆಂದರೆ ಇಷ್ಟೇ ಎಂದು ನಾನು ತಿಳಿದಿದ್ದೆ, ಒಳಗೊಳಗೆ ತುಸು ಜಂಬವನ್ನೂ ಪಡುತ್ತಿದ್ದೆ.

ಸಂಘದ ಕೆಲಸದ ರೀತಿ ಹೀಗಿತ್ತು. ಹತ್ತಿ ನೂಲು ಗಿರಣಿಯಿಂದ ಕಟ್ಟು ಕಟ್ಟಾಗಿಯೇ ಬರುತ್ತಿತ್ತು, ಅದನ್ನು ಎಣಿಸಿ ಕೊಟ್ಟರಾಯಿತು. ಸೀರೆಯ ಅಂಚಿನ ದಡಿಗೆ, ಸೆರಗಿಗೆ ಬೇಕಾದ ರೇಷ್ಮೆಯನ್ನು ಮಾತ್ರ ತೊಲಿ ಲೆಕ್ಕದಲ್ಲಿ ತೂಗಿ ಕೊಡುತ್ತಿದ್ದೆವು. ಸೀರೆ ತಂದಾಗ ಸೀರೆಯನ್ನೂ ಉಳಿದ ಚೂರನ್ನೂ ತೂಗಿ, ನೂಲಿನ ತೂಕ ಕಳೆದು, ಕೊಟ್ಟ ರೇಷ್ಮೆಗೆ ತಾಳೆ ನೋಡುತ್ತಿದ್ದೆವು. ನೇಯುವಾಗ ಎಳೆ ಹರಿದು, ಧೂಳಾಗಿ ಹೋಗುವುದಕ್ಕೆಂದು ನೂರು ತೊಲಿಗೆ ಎರಡು ತೊಲಿ, ನೂರಕ್ಕಿಂತ ಕಡಿಮೆ ಒಯ್ದರೂ ಎರಡು ತೊಲಿ ಬಿಡುವ ಪದ್ಧತಿಯಿತ್ತು. ಅದಕ್ಕಿಂತ ಹೆಚ್ಚು ಕಡಿಮೆ ಬಿದ್ದರೆ ಅದು ಕೊರತೆ. ಈ ನೇಕಾರ ದೊಡ್ಡ ಸೆರಗಿನ ಮದುವೆ ಸೀರೆಗಳಿಗೆಂದು ಎರಡು ನೂರು ತೊಲಿ ಒಯ್ದಿದ್ದ. ಬಿಡಬೇಕಾದ ನಾಲ್ಕು ತೊಲಿ ಬಿಟ್ಟ ಮೇಲೂ ಏಳು ತೊಲಿ ಕಡಿಮೆ.

ರೊಕ್ಕದಲ್ಲಿ ಅದೇನು ಮುಳುಗಿಹೋಗುವ ಮಾತಲ್ಲ. ಆದರೆ ಇಳಕಲ್ಲಿನಲ್ಲಿ ರೇಷ್ಮೆ ಕದ್ದವನು ಅಂತ ಒಮ್ಮೆ ಹೆಸರು ಬಿತ್ತೆಂದರೆ ಮುಗಿಯಿತು. ಸಂಘ ಹೆಸರು ಹೊಡೆದುಹಾಕುತ್ತದೆ, ಸಂಘ ಬಿಟ್ಟವನಿಗೆ ಯಾವ ಸಾವಕಾರನೂ ಒಂದು ಲಡಿ ರೇಷ್ಮೆ ನಂಬಿ ಕೊಡುವುದಿಲ್ಲ. ಕೈಯಲ್ಲಿ ಎಂಥ ಕಸಬಿದ್ದರೂ ಮಗ್ಗ ಬರಿದೇ ಕೂಡುತ್ತದೆ. ಸಂಜೆಯೊಳಗೆ ಓಣಿಯಲ್ಲಿ ಮಾತು ಹಬ್ಬಿತ್ತು. ಭಾನುವಾರ ಆಡಳಿತ ಮಂಡಳಿಯ ಸಭೆ. ಕೊರತೆಯ ವಿವರದ ತಖ್ತೆ ಬರೆದು ಸಭೆಯಲ್ಲಿ ಓದುವ ಕೆಲಸ ನನ್ನ ಪಾಲಿಗೆ ಬಂತು.

"ಕೈ ನಡುಗಬಾರದು ತಮ್ಮಾ," ಅಂದರು ಕಾರಕೂನರು. "ಲೆಕ್ಕ ಬರಿಯವಗ ದಾಕ್ಷಿಣ್ಯ ಇರಬಾರದು. ನನಗೂ ಅವನ ಮ್ಯಾಲ ಸಿಟ್ಟಿಲ್ಲ. ಅಂಕಿ ಏನ ಹೇಳ್ತದ ಅಷ್ಟ ಬರಿ."

ಅವರ ಬಗ್ಗೆ ಒಂದು ಮಾತು ಹೇಳಬೇಕು. ಅವರಂಥ ಕಟ್ಟುನಿಟ್ಟಿನ ಮನುಷ್ಯನನ್ನು ನಾನು ಮತ್ತೆ ನೋಡಲಿಲ್ಲ. ಅವರು ಬರೆದ ಪುಸ್ತಕದಲ್ಲಿ ಒಂದು ಅಂಕಿಯನ್ನೂ ತಿದ್ದಿದ್ದಿಲ್ಲ. ರೊಕ್ಕದ ಪೆಟ್ಟಿಗೆ ರೊಕ್ಕ ತಗೊಳ್ಳಲು, ಕೊಡಲು ಅಷ್ಟೇ ತೆರೆಯಬೇಕು. ಚಿಲ್ಲರೆ ಕೇಳಿದರೂ ತೆಗೆಯುತ್ತಿರಲಿಲ್ಲ. ಸಂಘದ ಚಹಾ ಕುಡಿದರೆ ಅದರ ದುಡ್ಡನ್ನು ತಮ್ಮ ಕಿಸೆಯಿಂದಲೇ ಹಾಕುತ್ತಿದ್ದರು. ಅವರನ್ನು ಕಂಡರೆ ನನಗೆ ಅಂಜಿಕೆಯೂ ಇತ್ತು, ಪ್ರೀತಿಯೂ ಇತ್ತು.

ತಖ್ತೆಯ ಜೊತೆಗೆ ನೇಕಾರನ ಜಬಾಬು, ಅಂದರೆ ಅವನ ಹೇಳಿಕೆ, ಹಚ್ಚಬೇಕೆಂಬುದು ನೇಮ. ಮರುದಿನ ಮುಂಜಾನೆ ಅವನ ಮನೆಗೆ ಹೋದೆ. ಅವನು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಸುಮ್ಮನೆ ಕೂತಿದ್ದ, ಮಗ್ಗದ ಮೇಲೆ ಏನೂ ಇರಲಿಲ್ಲ. ಮಾತಾಡಿದ್ದು ಅವನ ಹೆಂಡತಿ.

"ಏನ ಬರಕೋತಿ ಬರಕೋ ತಮ್ಮಾ. ಸೆರಗಿನ ಎಳಿ ಕೂಡಸಾಕಿ ನಾ. ಒಂದೊಂದ ಎಳಿ ನನ್ನ ಕೈಯಾಗ ಹಾದು ಹೋಗೇತಿ. ಕದ್ದಿದ್ರ ನಾ ಕದ್ದಿರಬೇಕು, ನನ್ನ ಹೆಸರೂ ಬರಕೋ."

"ಹಂಗಲ್ಲಕ್ಕಾ, ಜಬಾಬು ಅಷ್ಟ ಬೇಕಾಗಿತ್ತು."

"ನಿನ್ನಿ ಮಧ್ಯಾಹ್ನದಿಂದ ಬಾಜೂ ಮನಿಯಾಕಿ ನನ್ನ ಕೂಡ ಮಾತಾಡವಲ್ಲಳು. ಅದನ್ನ ಬರಕೋ."

ನಾನು ಕಾಗದ ಮಡಿಚಿ ಕಿಸೆಗೆ ಹಾಕಿಕೊಂಡು ಬಂದೆ. ಅವಳ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಏಳು ತೊಲಿ ಕಡಿಮೆ ಬಿದ್ದದ್ದು ನನ್ನ ತಪ್ಪೇ? ಆದರೆ ದಾರಿಯುದ್ದಕ್ಕೂ ಒಂದೇ ವಿಚಾರ ತಲೆಯಲ್ಲಿ ಕೊರೆಯಿತು. ಇವರು ಕದ್ದಿಲ್ಲವೆಂದರೆ ರೇಷ್ಮೆ ಎಲ್ಲಿಗೆ ಹೋಯಿತು?

ಸಭೆಯವರೆಗೆ ನಾನು ಅದರ ಬೆನ್ನು ಬಿಡಲಿಲ್ಲ. ಮೊದಲು ನೂಲಿನ ಮೇಲೆ ಸಂಶಯ ಬಂತು. ಕಟ್ಟಿನಲ್ಲಿ ನೂಲು ಹೆಚ್ಚು ಕಡಿಮೆ ಇದ್ದರೆ ರೇಷ್ಮೆಯ ಲೆಕ್ಕವೂ ತಪ್ಪುತ್ತದೆ. ಅದೇ ಗಿರಣಿಯ ಬೇರೆ ಕಟ್ಟು ಬಿಚ್ಚಿ ತೂಗಿದೆ, ಸರಿಯಿತ್ತು. ಆಮೇಲೆ ತೇವದ ಮೇಲೆ ಸಂಶಯ. ಮಳೆಗಾಲದಲ್ಲಿ ಕೊಟ್ಟ ರೇಷ್ಮೆ ಬೇಸಿಗೆಯಲ್ಲಿ ಹಗುರಾಗುತ್ತದೆ ಎಂದು ಕೇಳಿದ್ದೆ. ಆದರೆ ಕೊಟ್ಟದ್ದೂ ಬಿಸಿಲಲ್ಲಿ, ತಂದದ್ದೂ ಬಿಸಿಲಲ್ಲಿ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನನ್ನ ಕೆಲಸ.

ಕೊನೆಗೆ ಅವನ ಖಾತೆಯನ್ನು ಬಿಟ್ಟು, ಅದೇ ವಾರದಲ್ಲಿ ರೇಷ್ಮೆ ಒಯ್ದ ಬೇರೆಯವರ ಖಾತೆ ನೋಡಿದೆ. ಅವರು ಸಣ್ಣ ದಡಿಯ ಸೀರೆಯವರು, ಸ್ವಲ್ಪ ಸ್ವಲ್ಪವೇ ಒಯ್ಯುವವರು. ಯಾರ ಮೇಲೂ ಕೊರತೆ ಇರಲಿಲ್ಲ. ಆದರೆ ಪ್ರತಿ ಸಲ ಅಷ್ಟಿಷ್ಟು ಚೂರು ಉಳಿಸಿ ತಂದುಕೊಡುತ್ತಿದ್ದವರು ಈ ಸಲ ಒಬ್ಬರೂ ಏನೂ ತಂದಿರಲಿಲ್ಲ. ಅವರಿಗೂ ಕಡಿಮೆ ಬಿದ್ದಿತ್ತು. ಬಿಟ್ಟುಕೊಡುವ ಎರಡು ತೊಲಿಯ ಮರೆಯಲ್ಲಿ ಅದು ಕಾಣದೆ ಹೋಗಿತ್ತು. ದೊಡ್ಡ ತೂಕ ಒಯ್ದವನ ಮೇಲೆ ಮಾತ್ರ ಹೊರಗೆ ಬಿದ್ದಿತ್ತು.

ಹಾಗಾದರೆ ದೋಷ ನೇಯ್ಗೆಯದಲ್ಲ, ಆ ವಾರ ಕೊಟ್ಟ ತೂಕದ್ದು. ಆ ವಾರ ಏನಾಗಿತ್ತು ಎಂದು ನೆನಪು ಮಾಡಿಕೊಂಡೆ. ಆ ವಾರ ನಾನು ಇಳಕಲ್ಲಿನಲ್ಲೇ ಇರಲಿಲ್ಲ. ತೂಕದ ಕಲ್ಲುಗಳಿಗೆ ವರ್ಷಕ್ಕೊಮ್ಮೆ ಸರಕಾರದ ಮುದ್ರೆ ಹಾಕಿಸಬೇಕಾಗಿತ್ತು. ಹುನಗುಂದದಲ್ಲಿ ಇನ್ಸ್‌ಪೆಕ್ಟರು ನಮ್ಮ ಅರ್ಧ ಸೇರಿನ ಕಲ್ಲಿನ ತಳದ ಸೀಸ ಬಿದ್ದುಹೋಗಿದೆಯೆಂದು ಮುದ್ರೆ ಹಾಕದೆ ತಿರುಗಿ ಕಳಿಸಿದ್ದರು. ಅದನ್ನು ಸರಿಪಡಿಸಿ ತರಲು ಕಲ್ಲುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ, ಬಸ್ಸಿನವನ ಬೈಗುಳ ತಿಂದು, ಬಾಗಲಕೋಟೆಗೆ ಒಯ್ದವನು ನಾನೇ. ಅಲ್ಲಿ ಮುದ್ರೆ ಹಾಕುವ ಸಾಹೇಬರು ಫಿರತಿ ಮೇಲೆ ಊರೂರು ತಿರುಗಲು ಹೋಗಿದ್ದರು. ಅವರು ಬರುವ ತನಕ ಮನೆಯಲ್ಲಿ ಅವ್ವನ ಕೈಯ ರೊಟ್ಟಿ ತಿಂದು ಆರಾಮಾಗಿ ಉಳಿದಿದ್ದೆ. ಕಲ್ಲುಗಳು ನನ್ನ ಹತ್ತಿರ ಇದ್ದವು. ಹಾಗಾದರೆ ಇಲ್ಲಿ ಯಾವುದರಿಂದ ತೂಗಿದರು?

ಕಾರಕೂನರನ್ನೇ ಕೇಳಿದೆ.

"ರೂಪಾಯಿಲೆ ತೂಗಿದ್ದೆ," ಅಂದರು, ಇದೂ ಒಂದು ಕೇಳುವ ಮಾತೇ ಎಂಬ ಹಾಗೆ. "ಒಂದು ರೂಪಾಯಿ ಅಂದ್ರ ಒಂದು ತೊಲಿ. ನಲವತ್ತು ರೂಪಾಯಿ ಅಂದ್ರ ಅರ್ಧ ಸೇರು. ಅಕ್ಕಸಾಲ್ಯಾರನ್ನ ಕೇಳು, ಯಾರನ್ನ ಬೇಕಾದ್ರ ಕೇಳು. ಸೀರಿ ತಂದವರನ್ನ ಕಲ್ಲು ಬಂದ ಮ್ಯಾಲ ಬರ್ರಿ ಅಂತ ಕಳಿಸಿದ್ದೆ. ಆದ್ರ ಮಗ್ಗ ಖಾಲಿ ಕೂಡಬಾರದಲ್ಲ, ರೇಷ್ಮಿ ಕೊಟ್ಟೆ."

"ರೊಕ್ಕದ ಪೆಟ್ಟಿಗಿ ರೂಪಾಯಿರಿ?"

"ಹುಚ್ಚ ಅದಿಯೇನು? ರೊಕ್ಕದ ಪೆಟ್ಟಿಗಿ ತೂಗೂದಕ್ಕ ತಗೀತಾರೇನು?" ಅವರ ದನಿ ತಗ್ಗಿತು. "ಪೂಜಾದ ರೂಪಾಯಿ. ಚೇರಮನ್ನರು ಊರಾಗ ಇರಲಿಲ್ಲ. ಅವರ ಮನಿಂದ ಕೀಲಿ ತರಿಸಿದ್ದೆ. ಇದನ್ನ ಯಾರ ಮುಂದನೂ ಆಡಬ್ಯಾಡ."

ಪೂಜೆಯ ರೂಪಾಯಿಗಳ ಸಂಗತಿ ಸಂಘದಲ್ಲಿ ಎಲ್ಲರಿಗೂ ಗೊತ್ತು. ಸಂಘ ಕಟ್ಟಿದಾಗ ಚೇರಮನ್ನರ ತಂದೆ ತಮ್ಮ ಮನೆತನದ ನಲವತ್ತು ರಾಣಿಛಾಪ ರೂಪಾಯಿಗಳನ್ನು ಲಕ್ಷ್ಮಿಗೆಂದು ಕೊಟ್ಟಿದ್ದರು. ಅವು ಪಟದ ಕೆಳಗಿನ ಕಪಾಟಿನಲ್ಲಿ ತಂಬಿಗೆಯಲ್ಲಿದ್ದವು. ಕೀಲಿ ಚೇರಮನ್ನರ ಹತ್ತಿರ, ಅವರು ಊರಲ್ಲಿಲ್ಲದಾಗ ಅವರ ಮನೆಯಲ್ಲಿ. ದೀಪಾವಳಿಗೆ ಹೊಸ ಪುಸ್ತಕ ಪೂಜಿಸುವಾಗ ತೆಗೆದು, ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕಿ ತೊಳೆದು, ಅರಿಷಿಣ ಕುಂಕುಮ ಏರಿಸಿ, ಮತ್ತೆ ಒಳಗಿಡುತ್ತಿದ್ದರು. ಸಂಘಕ್ಕೆ ಬರುವ ಮೊದಲೂ ಅವರ ಮನೆಯಲ್ಲಿ ತಲೆಮಾರುಗಳಿಂದ ಹಾಗೆಯೇ ತಿಕ್ಕಿದ ರೂಪಾಯಿಗಳು ಅವು. ಹಿಂದಿನ ದೀಪಾವಳಿಯಲ್ಲಿ ತಿಕ್ಕಿದವನು ನಾನೇ. ಸವೆದು ಸವೆದು ಕೆಲವಕ್ಕೆ ರಾಣಿಯ ಮೂಗೇ ಉಳಿದಿರಲಿಲ್ಲ.

"ರಾಯರ, ಅವು ತವದಿರಬೇಕ್ರಿ."

"ಗುರುವಿಗೇ ತಿರುಮಂತ್ರ ಹೇಳಾಕ ಹತ್ತಿದಿ," ಅಂದವರು ಬರೆಯುವುದನ್ನು ನಿಲ್ಲಿಸಿದರು. ಮತ್ತೆ ಬರೆಯತೊಡಗಿದರು. "ರೂಪಾಯಿ ರೂಪಾಯಿನೇ. ಹೋಗು, ತಖ್ತೆ ಮುಗಸು."

ನನ್ನ ಹತ್ತಿರ ರುಜುವಾತು ಇರಲಿಲ್ಲ. ನಾನು ಊಟ ಮಾಡುವ ಖಾನಾವಳಿಯ ಅಜ್ಜಿಯ ಹತ್ತಿರ ಒಂದು ಹಳೆ ರಾಣಿಛಾಪ ರೂಪಾಯಿ ಇತ್ತು. ಕೇಳಿ ತಂದು, ಕಾರಕೂನರು ಊಟಕ್ಕೆ ಹೋದಾಗ ಒಂದು ತೊಲಿಯ ಕಲ್ಲಿಗೆ ತೂಗಿದೆ. ತಕ್ಕಡಿಯಲ್ಲಿ ಕಲ್ಲಿದ್ದ ಪರಡಿ ತುಸು ಇಳಿಯಿತು. ಆದರೆ ಅಜ್ಜಿಯ ರೂಪಾಯಿ ಸವೆದಿದೆ ಎಂದು ಆ ನಲವತ್ತೂ ಸವೆದಿವೆ ಅನ್ನಲು ಬರುತ್ತದೆಯೇ? ನಾನು ಹೇಳಿದ್ದು ಸುಳ್ಳಾದರೆ ಚೇರಮನ್ನರ ತಂದೆಯ ದಾನಕ್ಕೆ ಕುಂದು ಹಚ್ಚಿದ ಹಾಗೆ, ಕಲಿಸಿದ ಗುರುವನ್ನು ಸಭೆಯ ನಡುವೆ ಸಿಕ್ಕಿಸಿದ ಹಾಗೆ. ಸರ್ಟಿಫಿಕೇಟಂತೂ ಹೋಯಿತು. ಹೇಳದಿದ್ದರೆ ಒಂದು ಮನೆಯ ಮಗ್ಗ ಹೋಯಿತು. ಶನಿವಾರವೆಲ್ಲ ಯಾವನಾದರೂ ಹಿರಿಯ ಬಂದು ನನ್ನ ಬದಲು ನಿರ್ಧಾರ ಮಾಡಬಾರದೇ ಅನಿಸಿತು. ಯಾರೂ ಬರಲಿಲ್ಲ. ತಖ್ತೆಯನ್ನು ದುಂಡಗಿನ ಅಕ್ಷರದಲ್ಲಿ ಬರೆದು ಮುಗಿಸಿದೆ.

ಭಾನುವಾರ ಮಧ್ಯಾಹ್ನ ಮಂಡಳಿ ಕೂಡಿತು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಚೇರಮನ್ನರು ವಿಭೂತಿ ಹಚ್ಚಿಕೊಂಡು, ಮಡಿ ಧೋತರ ಉಟ್ಟು ಲೋಡಿಗೆ ಒರಗಿದ್ದರು. ಕೆಟ್ಟ ಮನುಷ್ಯರಲ್ಲ, ಬಡ ನೇಕಾರರ ಮಕ್ಕಳ ಶಾಲೆಯ ಖರ್ಚನ್ನು ಯಾರಿಗೂ ಗೊತ್ತಾಗದಂತೆ ಕೊಡುತ್ತಿದ್ದವರು. ಮನೆತನದ ಮಾತು ಬಂದರೆ ಮಾತ್ರ ಬೆಂಕಿ. ನೇಕಾರ ಕಂಬಕ್ಕೆ ಒರಗದೆ, ಕಂಬದ ಪಕ್ಕದಲ್ಲಿ ನಿಂತಿದ್ದ.

"ಓದೋ ತಮ್ಮಾ," ಅಂದರು ಚೇರಮನ್ನರು.

ಹೆಸರು ಓದಿದೆ, ಸೀರೆಗಳ ಸಂಖ್ಯೆ ಓದಿದೆ. 'ಕೊಟ್ಟ ರೇಷ್ಮೆ ಎರಡು ನೂರು ತೊಲಿ' ಎಂಬಲ್ಲಿಗೆ ಬಂದಾಗ ಕಾಗದ ಕೆಳಗಿಳಿಸಿದೆ.

"ಇದನ್ನ ನಾ ಓದೂದಿಲ್ಲರಿ."

"ಯಾಕ? ನೀನ ಬರದದ್ದು ನಿನಗ ತಿಳಿಯವಲ್ದೇನು?" ಮಂಡಳಿಯವರೊಬ್ಬರು ನಕ್ಕರು.

"ಎರಡು ನೂರು ತೊಲಿ ಕೊಟ್ಟೇವಿ ಅನ್ನೂದು ನನಗ ಖಾತ್ರಿ ಇಲ್ಲರಿ. ಆ ದಿನ ಕಲ್ಲು ನನ್ನ ಕೂಡ ಬಾಗಲಕೋಟ್ಯಾಗ ಇದ್ದೂವು. ಪೂಜಾದ ರೂಪಾಯಿಲೆ ತೂಗ್ಯಾರ. ಆ ರೂಪಾಯಿ ತವದಿರಬೇಕು."

ನಗು ನಿಂತಿತು. ಚೇರಮನ್ನರು ಲೋಡು ಬಿಟ್ಟು ನೆಟ್ಟಗೆ ಕೂತರು.

"ನಮ್ಮಪ್ಪ ಇಟ್ಟ ಲಕ್ಷ್ಮಿ ತೂಕ ಕಡಿಮಿ ಅಂತಿಯೇನಲೇ? ನಿನ್ನಿ ಮೊನ್ನಿ ಬಂದ ಹುಡುಗ! ಆ ಕಪಾಟ ದೀಪಾವಳಿಗೆ ಬಿಟ್ರ ತಗಿಯೂದಿಲ್ಲ. ಯಾರ ತಗದ್ರು? ಹೇಳ, ಯಾರ ತಗದ್ರು?"

ನಾನು ಕಾರಕೂನರ ಕಡೆ ನೋಡಲಿಲ್ಲ. ನೋಡಬಾರದೆಂದು ಜಮಖಾನೆಯ ಪಟ್ಟಿಯನ್ನೇ ನೋಡುತ್ತ ನಿಂತೆ. ಇವರು ಈಗ ಇಲ್ಲವೆಂದರೆ ನಾನು ಕೆಟ್ಟೆ, ಅವನೂ ಕೆಟ್ಟ.

"ನಾ ತಗದೆ, ಸಾವಕಾರ್ರ," ಅಂತ ಬಾಜುವಿನಿಂದ ದನಿ ಬಂತು. "ನೀವು ಊರಾಗ ಇರಲಿಲ್ಲ. ನಿಮ್ಮ ಮನ್ಯಾಗ ಹೇಳಿ ಕೀಲಿ ತರಿಸಿದ್ದೆ. ತಗದಿದ್ದು ಒಂದು ತಪ್ಪು. ನಿಮಗ ತಿಳಿಸಲಿಲ್ಲ, ಅದು ಎರಡನೇದ್ದು. ಈಗ ಕೀಲಿ ಕೊಡ್ರಿ. ಮೂರನೇದ್ದು ಅದನೋ ಇಲ್ಲೋ ನೋಡೂಣು."

ಚೇರಮನ್ನರು ಉಡದಾರಕ್ಕೆ ಕಟ್ಟಿದ ಕೀಲಿ ಬಿಚ್ಚಿ ಜಮಖಾನೆಯ ಮೇಲೆ ಒಗೆದರು.

ಕಾರಕೂನರು ಕೈಕಾಲು ತೊಳೆದು ಬಂದು ಲಕ್ಷ್ಮಿಗೆ ಕೈಮುಗಿದು ಕಪಾಟು ತೆರೆದರು. ರೂಪಾಯಿಗಳನ್ನು ಪರಡಿಯಲ್ಲಿ ಒಂದೊಂದಾಗಿ ಇಟ್ಟು, ಇನ್ನೊಂದು ಪರಡಿಗೆ ಅರ್ಧ ಸೇರಿನ ಕಲ್ಲು ಇಟ್ಟು ತಕ್ಕಡಿ ಎತ್ತಿದರು. ರೂಪಾಯಿಯ ಪರಡಿ ಮೇಲೆಯೇ ಉಳಿಯಿತು. ಅವರು ರೂಪಾಯಿಯ ಕಡೆಗೆ ಒಂದು ತೊಲಿಯ ಕಲ್ಲು ಹಾಕಿದರು, ಸಾಲಲಿಲ್ಲ. ಅರ್ಧ ತೊಲಿ ಹಾಕಿದರು, ಆಗಲೂ ತುಸು ಬೇಕಾಯಿತು. ಅರ್ಧ ಸೇರಿಗೆ ಒಂದೂವರೆ ತೊಲಿಗೂ ಮಿಕ್ಕಿ ಕಡಿಮೆ. ಹಾಗೆ ಐದು ಸಲ ತೂಗಿದಾಗ ಎರಡು ನೂರು ತೊಲಿ. ಎಂಟು ತೊಲಿ ಕಡಿಮೆ ಕೊಟ್ಟಿದ್ದೆವು. ಲೆಕ್ಕಕ್ಕೆ ಕಡಿಮೆ ಬಿದ್ದದ್ದು ಏಳು. ಅಂದರೆ ಅವನು ಕದಿಯುವುದಿರಲಿ, ನಾವು ಬಿಟ್ಟುಕೊಟ್ಟ ನಾಲ್ಕು ತೊಲಿಯಲ್ಲೂ ಒಂದು ತೊಲಿ ಉಳಿಸಿ ತಂದಿದ್ದ.

ನನಗೆ ಸಮಾಧಾನವಾಯಿತು. ಆದರೆ ಅಷ್ಟಕ್ಕೇ ಮುಗಿಯಲಿಲ್ಲ.

ಚೇರಮನ್ನರು ಮುಖ ಒರೆಸಿಕೊಂಡರು. "ಆತು. ಠರಾವು ಬರಕೋ. ಏಳು ತೊಲಿ ಕೊರತೆ ಮಂಡಳಿ ಮನ್ನಾ ಮಾಡೇತಿ ಅಂತ. ಲಕ್ಷ್ಮಿ ಮಾತು ಅದರಾಗ ಬರಬಾರದು."

"ಮನ್ನಾ ಬ್ಯಾಡ್ರಿ," ಅಂದ ನೇಕಾರ. ಅಂದು ಅವನು ಬಾಯಿಬಿಟ್ಟಿದ್ದು ಅದೇ ಮೊದಲು.

"ರೊಕ್ಕ ಕೊಡಬ್ಯಾಡ ಅಂತೇವಿ, ಹೆಸರ ಹೊಡಿಯೂದಿಲ್ಲ ಅಂತೇವಿ. ಇನ್ನೇನ ಬೇಕು ನಿನಗ?"

"ಮನ್ನಾ ಅಂದ್ರ ಕದ್ದಿದ್ದ, ದೊಡ್ಡ ಮನಸ ಮಾಡಿ ಬಿಟ್ರು ಅಂತಾರ್ರಿ ಮಂದಿ. ಅಡಕಿಗೆ ಹೋದ ಮಾನ ಆನಿ ಕೊಟ್ರ ಬರತೈತೇನ್ರಿ?"

"ಬರಿಯೋ," ಅಂದರು ಚೇರಮನ್ನರು ನನಗೆ. "ನಿನ್ನ ಸರ್ಟಿಫಿಕೇಟಿಗೆ ಸಹಿ ಮಾಡಾಂವ ನಾನ. ನೆನಪಿರಲಿ."

ಮಸಿಯಲ್ಲಿ ಅದ್ದಿದ ಟಾಕು ಕೈಯಲ್ಲೇ ಇತ್ತು. ಬರೆದುಬಿಡಬಹುದಿತ್ತು. ಮಗ್ಗ ಉಳಿಯುತ್ತಿತ್ತು, ನನ್ನ ನೌಕರಿಯೂ ಉಳಿಯುತ್ತಿತ್ತು. ಆದರೆ ಒಂದು ಮಾತು ಆ ಗಳಿಗೆಯಲ್ಲೇ ತಲೆಗೆ ಹೊಳೆಯಿತು, ಹೊಳೆದ ಮೇಲೆ ಬಾಯಿ ಕಟ್ಟಿಕೊಳ್ಳುವ ಸ್ವಭಾವ ನನ್ನದಲ್ಲ.

"ಹೋದದ್ದನ್ನ ಮನ್ನಾ ಮಾಡಬೇಕ್ರಿ. ಇದು ಹೋಗೇ ಇಲ್ಲ. ನಾವು ಕೊಡದ ರೇಷ್ಮಿ ನಮ್ಮ ಪೆಟ್ಟಿಗ್ಯಾಗ ಇರಬೇಕಲ್ಲರಿ? ಪೆಟ್ಟಿಗಿ ತೂಗ್ರಿ. ಪುಸ್ತಕದಾಗ ಇದ್ದಷ್ಟ ಬಂದ್ರ ನಾ ಮನ್ನಾ ಅಂತನ ಬರೀತೇನಿ. ಹೆಚ್ಚಿಗಿ ಬಂದ್ರ ಬರಿಯೂದಿಲ್ಲ."

ರೇಷ್ಮೆಯ ದಾಸ್ತಾನು ತೂಗುವುದು ವರ್ಷದ ಕೊನೆಗೆ ಮಾತ್ರ. ಅದು ಕಾರಕೂನರದೇ ಕಟ್ಟಳೆ. ಅವರು ಯಾರ ಅಪ್ಪಣೆಗೂ ಕಾಯದೆ ಒಳಗೆ ಹೋಗಿ ಪೆಟ್ಟಿಗೆ ಎಳೆದು ತಂದರು. ಬಣ್ಣಬಣ್ಣದ ಲಡಿಗಳನ್ನು ಬಿಳಿ ಅರಿವೆಯ ಮೇಲೆ ಹರಡಿದರು. ಅವರು ತೂಗಿದರು, ನಾನು ಬರೆದೆ, ಮಂಡಳಿಯವರು ಬಗ್ಗಿ ನೋಡಿದರು. ಪುಸ್ತಕದಲ್ಲಿ ಇರಬೇಕಾದದ್ದಕ್ಕಿಂತ ಹನ್ನೊಂದು ತೊಲಿ ಹೆಚ್ಚು ಬಂತು. ಎಂಟು ಅವನದು. ಮಿಕ್ಕದ್ದು ಆ ವಾರ ಸ್ವಲ್ಪ ಸ್ವಲ್ಪ ಒಯ್ದವರದು. ಕಳುವಾಗಿದೆ ಎಂದು ಊರೆಲ್ಲ ಮಾತಾಡಿದ ರೇಷ್ಮೆ ನಾವು ದಿನವೂ ಕೂಡುವ ಜಾಗದಿಂದ ಒಂದು ಮಾರು ದೂರದಲ್ಲಿ ಬಿದ್ದಿತ್ತು.

ಕಾರಕೂನರು ಕೆಂಪು ಮಸಿ ಕೇಳಿದರು. ಅದು ಎಲ್ಲಿದೆ ಎಂದು ಹುಡುಕಬೇಕಾಯಿತು, ಅವರ ಕಾಲದಲ್ಲಿ ಅದು ಬೇಕೇ ಆಗಿರಲಿಲ್ಲ. ರೇಷ್ಮೆ ಕೊಟ್ಟ ಪುಟ ತೆಗೆದು, ಎರಡು ನೂರು ಎಂಬುದರ ಮೇಲೆ ಗೆರೆ ಎಳೆದು, ನೂರಾ ತೊಂಬತ್ತೆರಡು ಎಂದು ಬರೆದು, 'ತೂಗಿದವನ ತಪ್ಪು' ಎಂದು ಪಕ್ಕದಲ್ಲಿ ಬರೆದು ಸಹಿ ಮಾಡಿದರು. ಕೈ ನಡುಗಲಿಲ್ಲ. ಸಹಿ ಮಾಡಿದ ಮೇಲೆ ಮಾತ್ರ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಚೇರಮನ್ನರು ಚಪ್ಪಲಿ ಮೆಟ್ಟಿ ಹೊರಟುಹೋದರು. ನನ್ನ ಸರ್ಟಿಫಿಕೇಟಿಗೆ ಆ ವರ್ಷ ಅವರು ಸಹಿ ಹಾಕಲಿಲ್ಲ. ನಾನು ಇನ್ನೊಂದು ವರ್ಷ ಅಲ್ಲೇ ದುಡಿದೆ. ಆಗ ಕುದಿದು ಹೋಗಿದ್ದೆ. ಈಗ ಅವರ ಸಂಕಟವೂ ತಿಳಿಯುತ್ತದೆ.

ಪುಸ್ತಕ ಸರಿಯಾಯಿತು, ಆದರೆ ಪುಸ್ತಕ ಓದುವವರು ಓಣಿಯಲ್ಲಿ ಯಾರಿದ್ದರು? ಸೋಮವಾರ ಮುಂಜಾನೆ ನಾನು ಬಂದಾಗ ಕಾರಕೂನರು ಆ ನೇಕಾರನಿಗೆ ಕೊಡುವ ಹೊಸ ರೇಷ್ಮೆಯ ಗಂಟನ್ನು ತಾವೇ ಹೆಗಲಿಗೇರಿಸಿಕೊಂಡು ನಿಂತಿದ್ದರು.

"ತಕ್ಕಡಿ, ಕಲ್ಲು ತಗೊಂಡು ನನ್ನ ಹಿಂದ ಬಾ," ಅಂದರು.

ನೇಕಾರರು ಸಂಘಕ್ಕೆ ಬಂದು ರೇಷ್ಮೆ ಒಯ್ಯುವುದು ಪದ್ಧತಿ. ಸಂಘದ ಕಾರಕೂನ ಗಂಟು ಹೊತ್ತು ಓಣಿಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ನಾವು ಹೋದ ಹಾಗೆ ಬಾಗಿಲಿಗೆ ಬಾಗಿಲು ಮಂದಿ ಬಂದು ನಿಂತರು. ಅವನ ಮನೆಯ ಕಟ್ಟೆಯ ಮೇಲೆ ಗಂಟು ಇಳಿಸಿ, ಕಾರಕೂನರು ಓಣಿಗೆಲ್ಲ ಕೇಳುವಂತೆ ಹೇಳಿದರು.

"ಹೋದ ಸಲ ಈ ಮನಿಗೆ ನಾ ಕೊಟ್ಟ ರೇಷ್ಮಿ ಎಂಟು ತೊಲಿ ಕಡಿಮಿ ಇತ್ತು. ತವದ ರೂಪಾಯಿಲೆ ತೂಗಿ ಕೊಟ್ಟಿದ್ದೆ. ತಪ್ಪು ನಂದು. ಇವರದಲ್ಲ. ಆ ವಾರ ಒಯ್ದ ಎಲ್ಲಾರಿಗೂ ಕಡಿಮಿ ಬಿದ್ದದ."

ನೇಕಾರ ಹೊರಗೆ ಬರಲಿಲ್ಲ. ಬಂದವಳು ಅವನ ಹೆಂಡತಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತಳು.

"ಹಂಗಾರ ಈಗ ತೂಗ್ರಿ. ನನ್ನ ಮುಂದ ತೂಗ್ರಿ."

ಕಾರಕೂನರು ತೂಗಿದರು. ಮುಳ್ಳು ನಡುವೆ ನಿಂತಿತು.

"ಪರಡಿ ಅದಲ ಬದಲ ಮಾಡಿ ಇನ್ನೊಮ್ಮೆ ತೂಗ್ರಿ," ಅಂದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವರ ವಯಸ್ಸಿಗಾದರೂ ಬೆಲೆ ಬೇಡವೇ ಅಂದುಕೊಂಡೆ. ಕಾರಕೂನರು "ಖರೆ ಅದ ತಂಗಿ, ಹಂಗನ ನೋಡಬೇಕು" ಎಂದು ಕಲ್ಲನ್ನು ಆ ಕಡೆಗೆ, ರೇಷ್ಮೆಯನ್ನು ಈ ಕಡೆಗೆ ಹಾಕಿ ಮತ್ತೆ ಎತ್ತಿದರು. ಮುಳ್ಳು ಅಲ್ಲೇ ನಿಂತಿತು. ಅವಳು ತಲೆಯಾಡಿಸಿ, ರೇಷ್ಮೆ ಎತ್ತಿಕೊಂಡಳು.

ಎದುರು ಮನೆಯವನು ಒಳಗೆ ಹೋಗಿ ತನ್ನ ಲಡಿಗಳನ್ನು ತಂದ. "ನಂದೂ ನೋಡ್ರಿ ರಾಯರ, ಎಷ್ಟೈತಿ ಖರೆ?" ಅವನ ಹಿಂದೆ ಇನ್ನೊಬ್ಬಳು ಬಂದಳು, ಅವಳ ಹಿಂದೆ ಇನ್ನೊಬ್ಬ. ಓಣಿಗೆ ಓಣಿಯೇ ಮನೆಯಲ್ಲಿದ್ದ ರೇಷ್ಮೆ ಹಿಡಿದು ಸಾಲು ನಿಂತಿತು. ಕಾರಕೂನರು ಒಬ್ಬರನ್ನೂ ಹಿಂದಕ್ಕೆ ಕಳಿಸಲಿಲ್ಲ. ಬಿಸಿಲು ಏರಿತು. ತಕ್ಕಡಿ ಎತ್ತಿ ಹಿಡಿದ ಅವರ ತೋಳು ನಡುಗಲು ಹತ್ತಿತು, ಮುಳ್ಳೂ ಅದರ ಜೊತೆಗೆ ಅಲುಗಾಡುತ್ತಿತ್ತು. ನಾನು ಕೈ ಚಾಚಿದೆ. "ನೀ ಬರಕೋ," ಅಂದರು.

ಆಗ ಒಳಗಿನಿಂದ ನೇಕಾರ ಬಂದ. ಕಾರಕೂನರ ಮುಖ ನೋಡಲಿಲ್ಲ. ಅವರ ಕೈಯಿಂದ ತಕ್ಕಡಿ ತೆಗೆದುಕೊಂಡು, ಕಟ್ಟೆಯ ಮೇಲೆ ಕಾಲೂರಿ ನಿಂತು, ತೋಳು ಚಾಚಿ ಎತ್ತಿ ಹಿಡಿದ. ಆಗ ಸಾಲಿನಲ್ಲಿ ಮುಂದೆ ಇದ್ದವಳು ಅವನ ಹೆಂಡತಿಯ ಕೂಡ ಮಾತು ಬಿಟ್ಟಿದ್ದ ಬಾಜೂ ಮನೆಯಾಕೆ. ಒಂದು ಗಳಿಗೆ ತಡೆದಳು. ಆಮೇಲೆ ತನ್ನ ರೇಷ್ಮೆಯನ್ನು ಅವನು ಹಿಡಿದ ಪರಡಿಯಲ್ಲಿ ಇಟ್ಟಳು.